ರಾಡ್ನಿ ಬ್ಲೇಜ್‌ನ ಸಾವು ಮತ್ತು ಚಿಗಟೇರಿಯ ಎರ್ರೆಪ್ಪ

ರಾಡ್ನಿ ಬ್ಲೇಜ್ ಎಂಬ ಲಂಡನ್ನಿನ ರಾಕ್ ಗಾಯಕನನ್ನು ಕೊಟ್ಟೂರಿನಲ್ಲಿ ಕೂತು ಕೊಂದವನು ನಮ್ಮ ಪ್ರವೀಣಕುಮಾರ್. ಪಾಪ, ಕೊಲ್ಲದೆ ಅವನಿಗೂ ಬೇರೆ ದಾರಿಯಿರಲಿಲ್ಲ. 'ಹಗರಿಯ ಅಲೆ' ಎಂಬ ವಾರಪತ್ರಿಕೆಯಲ್ಲಿ ರಾಕ್ ಗಾಯಕರ ಜೀವನಚರಿತ್ರೆ ಬರೆಯುವುದು ಅವನ ಉದ್ಯೋಗ. ಹಗರಿಬೊಮ್ಮನಹಳ್ಳಿಯ ಶೇಂಗಾ ವ್ಯಾಪಾರಿ ಕರಿಸಿದ್ದಪ್ಪನವರು ಮಗಳು ಸುಮಲತಾಳನ್ನು ಅವನಿಗೆ ಕೊಡಲು ಒಪ್ಪಿದ್ದರು, ಆದರೆ ಈ ಉದ್ಯೋಗವನ್ನು ಒಪ್ಪಿರಲಿಲ್ಲ.

"ಕೂದ್ಲಾ ಬಿಟ್ಕೊಂಡು ಒದರೋರ ಕತಿ ಬರಿಯೋದು ಮೊದ್ಲು ಬಿಡ್ರಿ. ತಾಲೂಕು ಆಫೀಸಿಂದು, ಎಲೆಕ್ಷನ್ನಿಂದು ಬರೀರಿ. ನಾಳಿ ನಾಕು ಮಂದಿ ಕೇಳಿದ್ರ ಅಳಿಯ ಏನು ಮಾಡ್ತಾನ ಅಂತ ಹೇಳ್ಲಿ?" ಎಂದಿದ್ದರು.

ಪತ್ರಿಕೆಯ ಸಂಪಾದಕ, ಮುದ್ರಕ, ಪ್ರಕಾಶಕ ಎಲ್ಲವೂ ಆಗಿದ್ದ ಅಹಮದಸಾಬರು ದೊಡ್ಡ ಮನಸ್ಸು ಮಾಡಿದರು. "ಈ ರಾಡ್ನಿದೊಂದು ಮುಗ್ಸಪ್ಪ. ಮುಂದಿನ ವಾರದಿಂದ ಎಲೆಕ್ಷನ್ ಸುದ್ದಿ ನಿಂದು."

ರಾಡ್ನಿಯ ಬಗ್ಗೆ ಪ್ರವೀಣನಿಗೆ ಗೊತ್ತಿದ್ದದ್ದು ಒಂದು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಇದ್ದಷ್ಟೆ, ಅಂದರೆ ಹೆಸರು ಮತ್ತು ಹಾಡುಗಳ ಪಟ್ಟಿ. ಉಳಿದದ್ದನ್ನು ಅವನೇ ಹೊಂದಿಸಿಕೊಂಡಿದ್ದ. ರಾಡ್ನಿಯ ತಾಯಿ ಲಂಡನ್ನಿನ ಸಂತೆಯಲ್ಲಿ ಒಣಮೆಣಸಿನಕಾಯಿ ಮಾರಿ ಮಗನನ್ನು ಸಾಕಿದಳು. ಸೋದರಮಾವ ಸಿಟ್ಟಿಗೆದ್ದು ಗಿಟಾರನ್ನು ಒಲೆಗೆ ಹಾಕಿದ. ಈ ಕಂತು ಬಂದ ವಾರ ಕೂಡ್ಲಿಗಿಯ ಕಡೆ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರಂತೆ. ಅಂಥ ರಾಡ್ನಿಯನ್ನು ಪ್ರವೀಣ ಸುಮಲತಾಳಿಗಾಗಿ ಮಳೆಯಲ್ಲಿ ನಿಲ್ಲಿಸಿ, ಕರೆಂಟಿನ ಹಸಿ ವೈರು ಹಿಡಿಸಿ, ಮೆಣಸಿನಕಾಯಿ ಮಾರಿ ಸಾಕಿದ ತಾಯಿಯನ್ನು ಕೂಗಿಸಿ, ಒಂದೇ ಪ್ಯಾರಾದಲ್ಲಿ ಮುಗಿಸಿಬಿಟ್ಟ.

ಎಡವಟ್ಟಾದದ್ದು ಫೋಟೋದಿಂದ. ಸತ್ತವರ ಸುದ್ದಿಗೆ ಫೋಟೋ ಇಲ್ಲದಿದ್ದರೆ ಆ ಸೀಮೆಯಲ್ಲಿ ಯಾರೂ ನಂಬುವುದಿಲ್ಲ. ಕ್ಯಾಸೆಟ್ಟಿನ ಮೇಲೆ ನೋಡಿದರೆ ಬರೀ ಹೊಗೆ, ಹೊಗೆಯಲ್ಲೊಂದು ಮೋಟಾರ್ ಸೈಕಲ್ಲು. ಆದರೆ ಅಹಮದಸಾಬರ ಪ್ರೆಸ್ಸಿನಲ್ಲಿ ನಾಟಕದ ಹ್ಯಾಂಡ್‌ಬಿಲ್ಲುಗಳಿಗಾಗಿ ಮಾಡಿಸಿದ್ದ ನಟರ ಫೋಟೋ ಅಚ್ಚಿನ ಬ್ಲಾಕುಗಳು ಡಬ್ಬಿಗಟ್ಟಲೆ ಬಿದ್ದಿದ್ದವು. ಸಾಬರು ತಡಕಾಡಿ ಒಂದನ್ನು ಮೇಲೆತ್ತಿದರು. ಹೆಗಲ ತನಕ ಕೂದಲು, ಕಪ್ಪು ಕನ್ನಡಕ, ಕಟಕಟ ಕಡಿದ ಹಲ್ಲು. ಖಳನಾಯಕನ ವೇಷದಲ್ಲಿದ್ದ ಚಿಗಟೇರಿಯ ಎರ್ರೆಪ್ಪ.

"ಸಾಹೇಬ್ರ, ಮಂದಿ ಗುರ್ತು ಹಿಡಿಯಂಗಿಲ್ಲೇನ್ರಿ?"

"ಸತ್ತೋನ್ನ ಯಾರು ಅಷ್ಟು ದಿಟ್ಟಿಸಿ ನೋಡ್ತಾರೋ? ಸುತ್ತಾ ದಪ್ಪಂದು ಕಪ್ಪು ಗೆರಿ ಹಾಕಿಬಿಡ್ತೀನಿ, ಲಂಡನ್ನಿನಾಂವನ ಹಂಗ ಕಾಣ್ತಾನ."

ಮರುದಿನ ಬೆಳಗಿನ ಬಸ್ಸುಗಳಿಗೆ ಪತ್ರಿಕೆ ಹೋಯಿತು. ಸಂಜೆ ಕರಿಸಿದ್ದಪ್ಪನವರು ಮದುವೆಯ ದಿನ ಗೊತ್ತುಮಾಡಲು ಪ್ರೆಸ್ಸಿಗೇ ಬರುವವರಿದ್ದರು. ಪ್ರವೀಣ ಇಸ್ತ್ರಿ ಅಂಗಿ ಹಾಕಿಕೊಂಡು ಪ್ರೆಸ್ಸಿನ ಹಿಂದಿನ ಕೋಣೆಯ ಕನ್ನಡಿ ಮುಂದೆ ನಿಂತಿದ್ದಾಗ ಪ್ರೆಸ್ಸಿನ ಬಾಗಿಲಲ್ಲಿ ಗೊಳೋ ಎಂದು ಅಳು ಕೇಳಿಸಿತು. ಹಲವಾಗಲಿನಿಂದ ಎರ್ರೆಪ್ಪನ ಅಕ್ಕ ಮಾಳಮ್ಮ ಒಂದು ಟೆಂಪೋ ಮಂದಿಯೊಂದಿಗೆ ಬಂದಿಳಿದಿದ್ದಳು.

"ಅಯ್ಯೋ ನನ್ನ ತಮ್ಮಾ! ಹೆಣ ಎಲ್ಲೈತಿ, ತೋರಸ್ರಪ್ಪೋ!"

"ಅವ್ವಾ, ಇಲ್ಲಿ ಕೇಳು. ಸತ್ತಾಂವ ಎರ್ರೆಪ್ಪ ಅಲ್ಲ. ಇಂವ ಲಂಡನ್ನಾಗ ಇದ್ದಾಂವ," ಎಂದ ಪ್ರವೀಣ.

"ಲಂಡನ್ನಿಗೆ ಯಾವಾಗ ಹೋಗಿದ್ನೋ! ಒಡಹುಟ್ಟಿದಾಕಿಗೆ ಒಂದ್ ಮಾತು ಹೇಳ್ಲಿಲ್ಲಲ್ಲೋ!" ಎಂದು ಮಾಳಮ್ಮ ಮೊದಲಿಗಿಂತ ಜೋರಾಗಿ ಅತ್ತಳು.

ಎರ್ರೆಪ್ಪನೇ ಬಂದು ನಿಂತಿದ್ದರೆ ಮಾತು ಮುಗಿಯುತ್ತಿತ್ತು. ಅವನು ನಾಟಕಕ್ಕೆಂದು ಹಿರೇಹಡಗಲಿಗೆ ಹೋಗಿದ್ದ. ಅಷ್ಟರಲ್ಲಿ ಚಿಗಟೇರಿಯ ಭಜನಾ ಮಂಡಳಿ ಹಾರ್ಮೋನಿಯಂ ಸಮೇತ ಬಂದು ಪೇಪರ್ ಬಂಡಲುಗಳ ಮೇಲೆ ಕೂತು ತಾಳ ಹಾಕತೊಡಗಿತು. ಹೆಣ ಸಿಗದ್ದಕ್ಕೆ ಯಾರೋ ಅಚ್ಚಿನ ಮಷೀನಿಗೇ ಹಾರ ಹಾಕಿದರು. ಎದುರಿನ ಚಹಾದ ಅಂಗಡಿಯವ ಗೌರವಕ್ಕೆ ಬಾಗಿಲು ಎಳೆದುಕೊಂಡು ಬಂದವನು, "ಎಂಎಲ್ಎ ಸಾಹೇಬ್ರಿಗೆ ಹೇಳಿ ವಿಮಾನದಾಗ ತರಸ್ರಿ, ತಡ ಮಾಡಬ್ಯಾಡ್ರಿ," ಎಂದು ಪ್ರವೀಣನ ಬೆನ್ನು ಬಿದ್ದ. ಮಾವನಾಗುವವರು ಬರುವ ಹೊತ್ತಿಗೆ ಈ ಸಂತೆ ಕರಗಲಿ ದೇವರೇ ಎಂದು ಪ್ರವೀಣ ಮನೆದೇವರಿಗೆ ಕೈ ಮುಗಿದ.

ಹೊತ್ತು ಇಳಿಯುತ್ತಿದ್ದಾಗ ಹಡಗಲಿ ಕಡೆಯ ಬಸ್ಸು ಬಂತು. ಅದರಿಂದ ಎರ್ರೆಪ್ಪ ಇಳಿದ, ಕೈಯಲ್ಲಿ ಪತ್ರಿಕೆ. ಭಜನೆ ಗಕ್ಕನೆ ನಿಂತಿತು. ಮಾಳಮ್ಮ ಓಡಿಹೋಗಿ ತಮ್ಮನನ್ನು ತಬ್ಬಿದಳು, ಆಮೇಲೆ ಛಟೀರೆಂದು ಕಪಾಳಕ್ಕೆ ಕೊಟ್ಟಳು.

"ಬದುಕೀಯಂದ್ರ ಮುಂಜಾನಿನ ಬಂದು ಹೇಳಾಕ ಏನಾಗಿತ್ತಲೇ ನಿನಗ?"

ಎರ್ರೆಪ್ಪ ಕೆನ್ನೆ ಸವರಿಕೊಳ್ಳುತ್ತ ನೇರ ಪ್ರವೀಣನ ಹತ್ತಿರ ಬಂದ. ಬಾಗಿಲಿನಷ್ಟು ಅಗಲದ ಆಳು. ಪ್ರವೀಣ ಕಣ್ಣು ಮುಚ್ಚಿಕೊಂಡ. ಏಟು ಬೀಳಲಿಲ್ಲ, ಬದಲಿಗೆ ಎರಡು ತೋಳು ಬಂದು ಅವನನ್ನು ಬಿಗಿಯಾಗಿ ಅಪ್ಪಿದವು.

"ಇಷ್ಟ್ ವರ್ಷ ಖಳನಾಯಕ ಆಗಿ ಬಡಿಸಿಕೊಂಡೀನ್ರಿ ಸ್ವಾಮಿ! ಖಳನಾಯಕಗೂ ಒಬ್ಬಾಕಿ ತಾಯಿ ಇರ್ತಾಳ ಅಂತ ಯಾವನೂ ಬರದಿದ್ದಿಲ್ಲ. ನೀವು ಬರದ್ರಿ. ಬಸ್ಸಿನಾಗ ಓದಿಸ್ಕೊಂಡು ಅತ್ಬಿಟ್ಟೆ ನೋಡ್ರಿ. ಆದ್ರ ನನ್ನ ಸಾಯಿಸಿದ್ದು ಸರಿಹೋಗ್ಲಿಲ್ಲ. ಎಬ್ಬಸ್ರಿ."

"ಎಬ್ಬಸ್ರಿ!" ಎಂದಿತು ಭಜನಾ ಮಂಡಳಿ.

ಪ್ರವೀಣ ದಿಕ್ಕುತೋಚದೆ ಅಹಮದಸಾಬರ ಕಡೆ ನೋಡಿದ. ಅವರು ಆಗಲೇ ಎರಡನೇ ಸಲ ಅಚ್ಚು ಹಾಕಲು ಶಾಯಿ ಸವರುತ್ತಿದ್ದರು. "ಎಬ್ಬಸಪ್ಪ. ಒಂದ್ ಪೇಪರೂ ಉಳದಿಲ್ಲ."

"ಎಲೆಕ್ಷನ್ ಸುದ್ದಿ ಕೊಡ್ತೀನಿ ಅಂದಿದ್ರಲ್ರಿ?"

"ಎಲೆಕ್ಷನ್ ಎಲ್ಲಿ ಓಡಿಹೋಗ್ತೈತಿ?"

ಸರಿಯಾಗಿ ಆ ಗಳಿಗೆಗೆ ಕರಿಸಿದ್ದಪ್ಪನವರು ಒಳಗೆ ಬಂದರು. ಹಾರ ಹಾಕಿಕೊಂಡ ಮಷೀನು, ಹಾರ್ಮೋನಿಯಂ, ಕಣ್ಣೊರೆಸಿಕೊಳ್ಳುತ್ತಿದ್ದ ಖಳನಾಯಕ, ಎಲ್ಲವನ್ನೂ ಒಮ್ಮೆ ನೋಡಿದರು. ಪ್ರವೀಣನ ತೋಳು ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋದರು.

"ಇವತ್ತಿಗೆ ಬಿಟ್ಟೆನ್ರಿ ಮಾವಾರ," ಎಂದು ಪ್ರವೀಣ ಅಳುಮೋರೆ ಮಾಡಿದ. "ನಿಮ್ಮಾಣಿ, ರಾಕ್ ಅನ್ನೋ ಮಾತು ಎತ್ತಂಗಿಲ್ಲ."

ಕರಿಸಿದ್ದಪ್ಪನವರು ಬಾಗಿಲು ಮುಂದೆ ಮಾಡಿದರು. ಅಂಗಿಯ ಒಳಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಹಳೆಯ ಫೋಟೋ ತೆಗೆದರು. ಕಿರೀಟ, ಭುಜದ ಮೇಲೆ ಗದೆ, ಗದೆಗಿಂತ ದಪ್ಪ ಮೀಸೆ.

"ನಾನ್ರಿ. ವಯಸ್ಸಿನಾಗ ಬಣ್ಣ ಹಚ್ಚಿದ್ದೆ. ಮನ್ಯಾಗ ಯಾರಿಗೂ ಗೊತ್ತಿಲ್ಲ," ಎಂದು ಪಿಸುಗುಟ್ಟಿದರು. "ಈ ಮಾರಿಗೆ ಹೊಂದೋ ಡ್ರಮ್ ಬಡಿಯಾಂವ ಯಾರರ ಅದಾನೇನು, ನಿಮ್ಮ ಕ್ಯಾಸೆಟ್ಟಿನಾಗ ಹುಡಕ್ರಿ. ಅವನ ಕತಿ ಬರದು ಈ ಫೋಟೋ ಹಾಕ್ರಿ."

ಪ್ರವೀಣನಿಗೆ ಹೋದ ಜೀವ ಬಂದಂತಾಯಿತು. "ಬರೀತೀನ್ರಿ ಮಾವಾರ, ಭರ್ಜರಿ ಬರೀತೀನಿ! ಮದುವಿ ಮುಂದಿನ ತಿಂಗಳು ಇಟ್ಕೊಳ್ಳೋಣೇನ್ರಿ?"

"ಏ ತಡೀರಿ. ಅಳಿಯನ ಕಡಿಂದ ಮಾವ ಹೊಗಳಿಸ್ಕೊಂಡ ಅಂತ ಮಂದಿ ನಗಬೇಕೇನು? ಮೊದಲ ನನ್ನ ಕತಿ ಮುಗೀಲಿ. ಆಮ್ಯಾಲ ಮದುವಿ."

"ಅಷ್ಟ ಅಲ್ರಿ? ಎರಡು ವಾರದಾಗ ಮುಗಿಸಿಬಿಡ್ತೀನಿ!"

ಕರಿಸಿದ್ದಪ್ಪನವರ ಮುಖ ಕಪ್ಪಿಟ್ಟಿತು. ಹೊರಗೆ ಹಾರ ಹಾಕಿಕೊಂಡು ನಿಂತಿದ್ದ ಮಷೀನಿನ ಕಡೆ ಬೆರಳು ಮಾಡಿದರು. "ಮುಗಿಸೋದಂದ್ರ? ನೋಡ್ರಿ, ಈಗ ಹೇಳಿರ್ತೀನಿ, ನನ್ನ ಮಾತ್ರ ಸಾಯಿಸಂಗಿಲ್ಲ."

ಹೊಸ ಜೀವನಚರಿತ್ರೆ ಮುಂದಿನ ವಾರವೇ ಶುರುವಾಯಿತು. ದೀಪಾವಳಿ ಕಳೆದು ಯುಗಾದಿ ಬಂದರೂ ಕತೆಯಲ್ಲಿ ಮಾವನವರು ಇನ್ನೂ ತೊಟ್ಟಿಲಿನಿಂದ ಇಳಿದಿರಲಿಲ್ಲ.