ಖಾಲಿ ಕೋಟೆಯ ಮೇಷ್ಟ್ರು

ಒಂಟಿ ಗಂಡಸಿನ ಮನೆಗೆ ನೆಂಟರು ಬರದಿದ್ದರೂ ನಗೆಪಾಟಲು ಮಾತ್ರ ಹೇಳದೆ ಕೇಳದೆ ಬರುತ್ತಲೇ ಇರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಮದ್ದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದೆ. ಶಾಲೆಗೆಲ್ಲ ನಾನೊಬ್ಬನೇ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮನೆಯಲ್ಲೂ ನಾನೊಬ್ಬನೇ.

೧. ಚೀನಾದವನ ಮಾತು

ಸೈಕಲ್ಲಿನಲ್ಲಿ ರೇಷ್ಮೆ ಬಟ್ಟೆ ಮಾರುತ್ತಿದ್ದ ಚೀನಾದವನೊಬ್ಬ ನನ್ನ ಜಗಲಿಯಲ್ಲಿ ದಣಿವಾರಿಸಿಕೊಳ್ಳಲು ಕೂತ. ಈ ಸೀಮೆಯಲ್ಲಿ ಅವನಿಗೂ ತನ್ನವರು ಅಂತ ಯಾರೂ ಇರಲಿಲ್ಲ. ಹರಕುಮುರುಕು ಕನ್ನಡದಲ್ಲಿ ತನ್ನ ದೇಶದ ಮಾತೊಂದನ್ನು ಹೇಳಿದ: ‘ಖಾಲಿ ಕೋಟೆಯ ಉಪಾಯ.’ ಹಿಂದೆ ಒಬ್ಬ ಸೇನಾಪತಿಯ ಹತ್ತಿರ ದಂಡೇ ಇಲ್ಲದಾಗ ಶತ್ರು ಬಂದನಂತೆ. ಇವನು ಕೋಟೆಬಾಗಿಲುಗಳನ್ನೆಲ್ಲ ತೆಗೆಸಿ, ಮೇಲೆ ಕೂತು ವೀಣೆಯಂಥದ್ದೊಂದನ್ನು ನುಡಿಸತೊಡಗಿದನಂತೆ. ಒಳಗೆ ಏನೋ ಹೊಂಚಿದೆ ಎಂದು ಹೆದರಿ ಶತ್ರು ವಾಪಸಾದ. ಕೈಯಲ್ಲಿ ಏನೂ ಇಲ್ಲದೆ ಧೈರ್ಯವಾಗಿ ಕೂತವನಿಗೆ ಅವರು ಈಗಲೂ ಹಾಗನ್ನುತ್ತಾರಂತೆ.

ಪಕ್ಕದ ಮನೆಯ ಅಜ್ಜಿ ಕೇಳಿಸಿಕೊಂಡು ಅಂದಳು: “ಇದ್ಯಾವ ಮಹಾ ಉಪಾಯ ಮೇಷ್ಟ್ರೇ? ಅಕ್ಕಿ ಇಲ್ದಾಗ ನೆಂಟ್ರು ಬಂದ್ರೆ ‘ಉಣ್ಣಾಕೆ ಏಳಿ’ ಅಂತ ಕೈ ಇಡ್ದು ಎಳೀತೀನಿ. ‘ಈಗ್ತಾನೆ ಉಂಡ್ವು ಕಣಮ್ಮ’ ಅಂತ ಅವ್ರೇ ಎದ್ದೋಯ್ತಾರೆ!”

೨. ಕೋಟೆಗೆ ನುಗ್ಗಿದವರು

ನನಗೂ ಹುರುಪು ಬಂತು. ಒಂದು ದಿನ ವೈದ್ಯನಾಥಪುರದ ದೇವಸ್ಥಾನಕ್ಕೆ ಹೋಗುವಾಗ ಬೀಗ ಹಾಕದೆ, ಬಾಗಿಲು ಹಾರುಹೊಡೆದು ಹೋದೆ. ಒಳಗೆ ಯಾರೋ ಇದ್ದಾರೆಂದು ಕಳ್ಳರು ಅಂದುಕೊಳ್ಳಲಿ ಅಂತ. ನನಗೂ ಹಾಗೆ ಅಂದುಕೊಳ್ಳುವ ಆಸೆಯಿತ್ತೋ ಏನೋ. ವಾಪಸು ಬಂದಾಗ ಒಳಗೆ ನಿಜವಾಗಿ ಯಾರೋ ಇದ್ದರು: ಎರಡು ಆಡು. ನಾಲ್ಕನೇ ಕ್ಲಾಸಿನ ಪರೀಕ್ಷೆಯ ಉತ್ತರಪತ್ರಿಕೆಗಳನ್ನೆಲ್ಲ ತಿಂದು ಮುಗಿಸಿದ್ದವು.

“ಆಡಿಗೆ ಚೀನಾ ಕತೆ ಏಳಿರ್ನಿಲ್ವಾ?” ಅಂದಳು ಅಜ್ಜಿ.

ಆ ವರ್ಷ ನಾಲ್ಕನೇ ಕ್ಲಾಸು ಪೂರ್ತಿ ಪಾಸು.

೩. ಇನ್‌ಸ್ಪೆಕ್ಟರು ಬಂದದ್ದು

ಬತ್ತದ ಕುಯ್ಲಿನ ದಿನ. ಮಕ್ಕಳೆಲ್ಲ ಗದ್ದೆಯಲ್ಲಿ. ದೂರದಲ್ಲಿ ಶಾಲಾ ಇನ್‌ಸ್ಪೆಕ್ಟರ ಗಾಡಿ ಕಂಡಿತು. ಶಾಲೆ ಖಾಲಿ ಎಂದು ಬರೆದರೆ ಮುಚ್ಚಿಯೇಬಿಡುತ್ತಾರೆ. ಬೇರೇನೂ ತೋಚದೆ ಬಾಗಿಲು ಕಿಟಕಿ ಎಲ್ಲ ತೆಗೆದು, ಖಾಲಿ ಚಾಪೆಗಳಿಗೆ ಗಟ್ಟಿಯಾಗಿ ಪಾಠ ಶುರು ಮಾಡಿದೆ. ಪಾಠ ಕೇಳಿ ಹೊರಗಿನಿಂದಲೇ ಹೋಗಿಬಿಡಲಿ ಎಂಬ ಆಸೆ.

ಅವರು ಒಳಗೇ ಬಂದರು. ನಾನು ಚೀನಾದವನ ಕತೆ ಸಮೇತ ತಪ್ಪೊಪ್ಪಿಕೊಂಡೆ.

“ಆ ಶತ್ರುವಿಗೇನ್ರೀ, ವಾಪಸು ಹೋಗೋಕೆ ಪಾಳ್ಯ ಇತ್ತು,” ಅಂದರು. “ನನಗೆ ಟ್ರಾವೆಲರ್ಸ್ ಬಂಗಲೆ. ಅಲ್ಲಿ ಯಾರಿದ್ದಾರೆ? ಹೋದಲ್ಲೆಲ್ಲ ಜನ ಎದ್ದು ನಿಂತು ಬಾಯಿ ಮುಚ್ಚಿಕೊಳ್ತಾರೆ. ನೀವು ಪಾಠ ಮುಂದುವರಿಸಿ.”

ಪೇಟ ತೆಗೆದಿಟ್ಟು, ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೇಬಿಟ್ಟರು. ನಾನು ಸಂಜೆಯವರೆಗೆ ಪಾಠ ಹೇಳಿದೆ. ಹೋಗುವಾಗ ವರದಿ ಪುಸ್ತಕದಲ್ಲಿ ಬರೆದರು:

“ಹಾಜರಿ: ಒಂದು. ಹುಡುಗನ ನಡತೆ ಉತ್ತಮ. ಲೆಕ್ಕದಲ್ಲಿ ಸ್ವಲ್ಪ ಹಿಂದೆ.”