ಆಸನಸ್ಥರಾಗಿ ಕೇಳತಕ್ಕದ್ದು

ಉಪಗ್ರಹ ರೇಡಿಯೋ ಕೇಳಿಸಬೇಕಾದರೆ ತಲೆಯ ಮೇಲೆ ಆಕಾಶವಿರಬೇಕು. ಕೊಡಿಯಾಲ್‌ಬೈಲಿನಲ್ಲಿರುವ ನಮ್ಮ ಕಡಲ ಶ್ರವಣ ಪ್ರಾಧಿಕಾರದ ತಲೆಯ ಮೇಲೆ ಮೂರು ಮಾಳಿಗೆಗಳಿವೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಕಿಸೆಯಲ್ಲಿಡುವ ಹಾಡಿನ ಪ್ಲೇಯರಿಗೆ ಉಪಗ್ರಹ ರೇಡಿಯೋ ಜೋಡಿಸಿ ಮೀನುಗಾರರಿಗೆ ಕೊಡುವುದು ನಮ್ಮ ಯೋಜನೆ. ಮೊಬೈಲ್ ಸಿಗ್ನಲ್ ಸಿಗದ ನಡುಗಡಲಿನಲ್ಲೂ ಎರಡು ಹಾಡುಗಳ ನಡುವೆ ಹವಾಮಾನ ತಿಳಿಯಲಿ ಎಂಬ ಸದುದ್ದೇಶ. ಪ್ರಾಯೋಗಿಕವಾಗಿ ಒಂದೇ ಬೋಟಿಗೆ ಕೊಡಲು ಚೀಟಿ ಎತ್ತಿದಾಗ ಬೋಳಾರದ ಯೋಗೀಶ್ ಸಾಲ್ಯಾನರ ಹೆಸರು ಬಂತು. ಅವರಿಗೆ ಹಾರ ಹಾಕಿದೆವು. ನಿಯಮ ನಾಲ್ಕರ ಪ್ರಕಾರ, ಸಾಧನವು ಕೇಳಿಸುತ್ತದೆಂದು ಉಪನಿರ್ದೇಶಕರು ಸ್ವತಃ ತಮ್ಮ ಅಧಿಕೃತ ಆಸನದಲ್ಲಿ ಕುಳಿತು ದೃಢೀಕರಿಸುವ ತನಕ ಸದರಿ ಬೋಟು ಕಡಲಿಗೆ ಇಳಿಯತಕ್ಕದ್ದಲ್ಲ.

ಆಗಸ್ಟ್ ಒಂದಕ್ಕೆ ಮಳೆಗಾಲದ ನಿಷೇಧ ಮುಗಿದು ಉಳಿದ ಬೋಟುಗಳೆಲ್ಲ ಹೊರಟವು. ಯೋಗೀಶರು ಪ್ಲೇಯರ್ ಹಿಡಿದು ನಮ್ಮಲ್ಲಿಗೆ ಬಂದರು. ಉಪನಿರ್ದೇಶಕಿ ಶಶಿಪ್ರಭಾ ಶೆಟ್ಟಿಯವರು ಅದನ್ನು ಕಿವಿಗೊತ್ತಿ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತರು.

"ಎಂತದೂ ಇಲ್ಲ," ಎಂದರು.

"ಇಲ್ಲಿ ಕೇಳುದಿಲ್ಲ ಮೇಡಂ. ಕೆಳಗೆ ಅಂಗಳಕ್ಕೆ ಬನ್ನಿ, ಚಂದ ಕೇಳ್ತದೆ."

"ಅಂಗಳದಲ್ಲಿ ನನ್ನ ಆಸನ ಉಂಟಾ?"

"ಕುರ್ಚಿ ನಾನೇ ಹೊತ್ತುಕೊಂಡು ಬರ್ತೇನೆ."

"ಕುರ್ಚಿ ಹಾಗೆಲ್ಲ ಅಂಗಳಕ್ಕೆ ಹೋಗ್ಲಿಕ್ಕಿಲ್ಲ ಮಾರಾಯ್ರೆ. ಹೋದ್ರೆ ಇನ್ನೊಂದು ಕಚೇರಿಗೆ ಮಾತ್ರ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಮೇಡಂ ಹಾಗಲ್ಲ, ಕೊಡಲು ತುದಿಗಾಲಲ್ಲಿ ನಿಂತಿದ್ದರು. ಆದರೆ ನಿಯಮದಂತೆ ಕುಳಿತೇ ಕೊಡಬೇಕಿತ್ತು.

ಹದಿನೈದು ದಿನ ಹೀಗೇ ಹೋಯಿತು. ಯೋಗೀಶರ ಬೋಟಿನ ಎಂಟು ಜನ ಕೆಲಸಗಾರರಲ್ಲಿ ಮೂವರು ಬೇರೆ ಬೋಟು ಹತ್ತಿದರು. "ಉಳಿದವರೂ ಹೋದ್ರೆ ಈ ಸೀಸನ್ ನನ್ನದು ಮುಗೀತು ಮೇಡಂ," ಎಂದು ಯೋಗೀಶರು ಹೇಳಿದಾಗ ನನಗೂ ಪಾಪ ಅನಿಸಿತು. ಗುಮಾಸ್ತನಾದರೂ ನಾನೂ ಬಂಗುಡೆ ಮೀನು ತಿನ್ನುವವನೇ.

ಕಡೆಗೆ ದಾರಿ ತೋರಿಸಿದ್ದು ಮೇಡಮ್ಮೇ. ಹದಿನಾರನೇ ದಿನ ಸುತ್ತೋಲೆ ಹೊರಟಿತು: "ಬಂದರಿನ ದಕ್ಕೆಯಲ್ಲಿ ಕಟ್ಟಿರುವ ಸದರಿ ಬೋಟನ್ನು ಈ ಮೂಲಕ ಪ್ರಾಧಿಕಾರದ ಶಾಖಾ ಕಚೇರಿಯೆಂದು ಘೋಷಿಸಲಾಗಿದೆ." ಕುರ್ಚಿಗೆ ವರ್ಗವಾಯಿತು. ಮೇಡಂ ಬೋಟಿನಲ್ಲಿ ಆಸನಸ್ಥರಾದರು. "ಕಡಲು ಶಾಂತವಾಗಿದೆ, ಮೀನುಗಾರರು ತೆರಳಬಹುದು," ಎಂದು ರೇಡಿಯೋ ಸ್ಪಷ್ಟವಾಗಿ ಹೇಳಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಸಿಬ್ಬಂದಿಗೆ ಕಡಲ ಸೇವಾ ಭತ್ಯೆಯೂ ಮಂಜೂರಾಯಿತು.

ಯೋಗೀಶರು ಓಡಿಹೋಗಿ ಬೋಟಿನ ಹಗ್ಗಕ್ಕೆ ಕೈ ಹಾಕಿದರು.

"ಎಂತ ಮಾಡ್ತಿದ್ದೀರಿ?" ಮೇಡಂ ಬೆಚ್ಚಿಬಿದ್ದರು. "ಕಚೇರಿ ಎಲ್ಲಿಯಾದ್ರೂ ಮೀನು ಹಿಡಿಲಿಕ್ಕೆ ಹೋಗ್ತದಾ?"

ಹೋಗುವುದಿಲ್ಲ. ಅದು ಯೋಗೀಶರಿಗೂ ಅರ್ಥವಾಯಿತು.

ಮರುದಿನವೇ ಯೋಗೀಶರನ್ನು ಶಾಖೆಯ ಪ್ರಭಾರಿಯಾಗಿ, ಉಳಿದ ಐವರನ್ನು ಜವಾನರಾಗಿ ನೇಮಿಸಲಾಯಿತು. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ, ಭಾನುವಾರ ರಜೆ, ತಿಂಗಳಿಗೆ ಸಂಬಳ. ಮೊದಲ ವಾರ ಯೋಗೀಶರು ಕಡಲನ್ನೇ ನೋಡುತ್ತ ಕುಳಿತಿರುತ್ತಿದ್ದರು. ಎರಡನೇ ವಾರ ಮೇಜಿಗೆ ಗಾಜು ಬೇಕೆಂದು ಪತ್ರ ಬರೆದರು.

ಕಳೆದ ಸೋಮವಾರ ನಾನು ದಕ್ಕೆಗೆ ಹೋದಾಗ, ತಮ್ಮ ಬೋಟುಗಳನ್ನೂ ಕಚೇರಿ ಮಾಡಿಕೊಡಬೇಕೆಂಬ ಅರ್ಜಿ ಹಿಡಿದು ಹನ್ನೊಂದು ಮಂದಿ ಮಾಲಕರು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಇದ್ದವರು ಯೋಗೀಶರ ಸ್ವಂತ ಭಾವ. ಮೇಜಿನ ಮೇಲೆ ರೇಡಿಯೋ ಕಡಲು ಶಾಂತವಾಗಿದೆ ಎನ್ನುತ್ತಿತ್ತು. ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಯೋಗೀಶರು ಅದರ ಸದ್ದು ತಗ್ಗಿಸಿ ಗಡಿಯಾರ ನೋಡಿದರು.

"ಊಟದ ಹೊತ್ತಾಯ್ತು ಭಾವ," ಎಂದರು. "ಮೂರು ಗಂಟೆ ಮೇಲೆ ಬನ್ನಿ."