ಐವತ್ತೆಂಟು ಕೆಜಿಯ ಹಂಪೇಶ

ಕಂಪ್ಲಿಯ ಹಂಪೇಶ ಹೊಟ್ಟೆಗೆ ಏನೂ ಹಾಕದೆ ಟೇಕ್ವಾಂಡೊ ಪಂದ್ಯಕ್ಕೆ ಹೊರಟದ್ದು ಓಣಿಯವರಿಗೆಲ್ಲ ತಲೆನೋವಾಯಿತು. ಅವನ ಹೆಸರಿದ್ದದ್ದು ಐವತ್ತೆಂಟು ಕೆಜಿಯೊಳಗಿನವರ ವಿಭಾಗದಲ್ಲಿ. ಗೆದ್ದರೆ ರಾಜ್ಯಮಟ್ಟ, ಸೋತರೆ ಮುಂದಿನ ವರ್ಷಕ್ಕೆ ವಯಸ್ಸು ಮೀರಿಹೋಗುತ್ತದೆ. ನಿನ್ನೆ ಆಸ್ಪತ್ರೆಯಲ್ಲಿ ತೂಗಿಸಿಕೊಂಡಾಗ ಮುಳ್ಳು ಐವತ್ತೆಂಟರ ಗೆರೆಯ ಮೇಲೇ ಕೂತಿತ್ತು. ಒಂದು ಮಿರ್ಚಿ ತಿಂದರೂ ಕೆಟ್ಟ.

"ಒದಿಯಾಕ ಹೋಗೋನು ಉಂಡು ಹೋಗಬೇಕಲ್ಲೋ" ಎಂದು ಪಕ್ಕದ ಮನೆಯ ಚೆನ್ನಬಸಮ್ಮ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಬಾಗಿಲಿಗೆ ಅಡ್ಡ ನಿಂತರು.

"ಬ್ಯಾಡ ದೊಡ್ಡವ್ವ, ತೂಕ ಹೆಚ್ಚಾದ್ರ ಹೊರಗ ಹಾಕ್ತಾರ."

"ನಿನ್ನಂಥ ಕಡ್ಡೀನ ಯಾರು ಹಾಕ್ತಾರ? ಗಾಳಿ ಬಂದ್ರ ನೀನ ಹೊರಗ ಹೋಗ್ತಿ."

ಹಂಪೇಶ ಒಗ್ಗರಣೆಯ ಘಮ ಬಡಿಯದಂತೆ ಮೂಗು ಹಿಡಿದುಕೊಂಡು ಓಡಿದ.

ಕಲ್ಯಾಣ ಮಂಟಪದಲ್ಲಿ ಮ್ಯಾಟು ಹಾಸಿದ್ದರು, ಜನ ಕಿಕ್ಕಿರಿದಿದ್ದರು. ಆದರೆ ತೂಕದ ಮಷೀನು ಕೆಟ್ಟು ಕೂತಿತ್ತು. ಸಂಡೂರಿನಿಂದ ಬಂದಿದ್ದ ರೆಫರಿ ಹೇಮಾವತಿ ಮೇಡಂ ತಟ್ಟಿದರು, ಕುಟ್ಟಿದರು, ಅದು ಕಣ್ಣೇ ಬಿಡಲಿಲ್ಲ. ಮುಖ್ಯ ಅತಿಥಿಯಾಗಿ ಶಾಲು ಹೊದ್ದು ಕೂತಿದ್ದ ಅಕ್ಕಿ ಮಿಲ್ಲಿನ ಮಾಲೀಕ ಸಿದ್ದಲಿಂಗೇಶ್ ಮೈಕಿನಲ್ಲೇ ಧಾರಾಳಿಯಾದರು. "ನಮ್ಮ ಮಿಲ್ಲಿಂದ ಜಲ್ದಿ ತರಿಸ್ತೀನ್ರಿ. ಮಷೀನಿಗೇನು ಬರ."

ಚಪ್ಪಾಳೆ ಬಿತ್ತು. ಹಂಪೇಶ ಮಾತ್ರ ತಟ್ಟಲು ಎತ್ತಿದ ಕೈ ಇಳಿಸಿದ. ಆ ಮಿಲ್ಲಿನಲ್ಲಿ ರೈತರ ಭತ್ತ ತೂಗುವವನು ಅವನೇ. ಮಾಲೀಕರ ಅಪ್ಪಣೆಯಂತೆ ಆ ಮಷೀನು ನೂರು ಕೆಜಿಗೆ ನಾಲ್ಕು ಕೆಜಿ ನುಂಗುವ ಹಾಗೆ ಮಾಡಿಟ್ಟವನೂ ಅವನೇ. ಮಾಲೀಕರಿಗೂ ಅದು ತಡವಾಗಿ ನೆನಪಾಗಿರಬೇಕು, ಶಾಲಿನಿಂದ ಬೆವರು ಒರೆಸಿಕೊಂಡರು. ಅಷ್ಟರಲ್ಲಿ ಮಷೀನು ಆಟೋದಲ್ಲಿ ಬಂದಿಳಿದೇಬಿಟ್ಟಿತು.

ಹಂಪೇಶ ಹತ್ತಿದ. ಐವತ್ತೈದೂವರೆ. ಎಂಥ ಅನ್ಯಾಯ ನೋಡಿ, ಮಂಡಕ್ಕಿ ಏನು, ಅದರ ಮೇಲೆ ಎರಡು ಮಿರ್ಚಿಯನ್ನೂ ತಿಂದು ಬರಬಹುದಿತ್ತು.

ಅವನ ಹಿಂದೆ ಬಂದವನು, ಅದೇ ಮಿಲ್ಲಿಗೆ ಭತ್ತ ಹಾಕುವ ಮೆಟ್ರಿ ಹಳ್ಳಿಯ ರೈತ ಪಕ್ಕೀರಪ್ಪನ ಮಗ ಈಶ್ವರ್. ಹೆಸರು ಕೊಟ್ಟದ್ದು ಇದೇ ವಿಭಾಗಕ್ಕೆ. ಆದರೆ ಅಕ್ಕನ ಮದುವೆಯಲ್ಲಿ ವಾರವಿಡೀ ಹೋಳಿಗೆ ಬಾರಿಸಿ ಅರವತ್ತು ಕೆಜಿ ಆಗಿದ್ದ. ಹೊರಗೆ ಹಾಕುವುದು ಖಂಡಿತ ಎಂದುಕೊಂಡೇ ಮುಖ ಸಣ್ಣದು ಮಾಡಿಕೊಂಡು ಮಷೀನು ಹತ್ತಿದ. ಐವತ್ತೇಳೂವರೆ ತೋರಿಸಿತು. ಮೆಟ್ರಿಯವರು ಶಿಳ್ಳೆ ಹೊಡೆದರು.

"ಮೇಡಂ, ಈ ಮಷೀನು..." ಎಂದ ಹಂಪೇಶ. ವೇದಿಕೆಯ ಮೇಲೆ ಮಾಲೀಕರು ಜೋರಾಗಿ ಕೆಮ್ಮಿದರು.

"ಏನಾತು ಮಷೀನಿಗೆ?"

ನಾಳೆ ಕೆಲಸಕ್ಕೆ ಹೋಗಬೇಕಲ್ಲ. "ಭಾಳ ಚಲೋ ಐತ್ರಿ" ಎಂದ.

ಇಬ್ಬರೂ ಗೆಲ್ಲುತ್ತಾ ಬಂದು ಫೈನಲ್ಲಿನಲ್ಲೇ ಎದುರಾಗಬೇಕೆ? ಹಂಪೇಶ ಹಸಿದ ಹೊಟ್ಟೆಯಲ್ಲಿ ಕಾಲೆತ್ತುವಷ್ಟರಲ್ಲಿ ಈಶ್ವರನ ಹೋಳಿಗೆ ತಿಂದ ಕಾಲು ಅವನ ಎದೆಗೆ ಬಡಿಯುತ್ತಿತ್ತು. ಒಂದೊಂದು ಒದೆಗೂ ಹಂಪೇಶ ಅರ್ಧ ತುಂಬಿದ ಭತ್ತದ ಚೀಲದಂತೆ ಮ್ಯಾಟಿನ ಅಂಚಿಗೆ ಹೋಗಿ ಬೀಳುತ್ತಿದ್ದ. ರಾಜ್ಯಮಟ್ಟ ಕೈತಪ್ಪಿತು. ಅಳು ಬಂತು. ಹೋಗಲಿ, ನೌಕರಿಯಾದರೂ ಉಳಿಯಿತಲ್ಲ ಎಂದು ಕಣ್ಣೊರೆಸಿಕೊಂಡ.

ಪಕ್ಕೀರಪ್ಪ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದ. ನಾಲ್ಕು ಹೆಜ್ಜೆ ಕುಣಿಯುವಷ್ಟರಲ್ಲಿ ಏದುಸಿರು ಬಂದು, ಮಗನನ್ನು ಕೆಳಗಿಳಿಸಿ, ತಲೆ ಕೆರೆದುಕೊಳ್ಳುತ್ತ ಹಂಪೇಶನ ಹತ್ತಿರ ಬಂದ.

"ಹಂಪೇಶ, ಒಂದು ಮಾತು. ಮುಂಜಾನಿ ಆಸ್ಪತ್ರ್ಯಾಗ ನನ್ನ ಮಗ ಅರವತ್ತಿದ್ದ. ನಿಮ್ಮ ಮಷೀನಿನಾಗ ಎರಡೂವರಿ ಕೆಜಿ ಇಳದ. ಒಬ್ಬ ಹುಡುಗಂದ ಇಷ್ಟು ಹೋದ್ರ, ನಾನು ತಂದು ಹಾಕಿದ ಲಾರಿ ಭತ್ತದ್ದು ಎಷ್ಟು ಹೋಗಿರಬೇಕಪ್ಪ?"

ಶಿಳ್ಳೆ ಹಾಕುತ್ತಿದ್ದ ಮೆಟ್ರಿಯವರು ಒಬ್ಬೊಬ್ಬರೇ ಕುರ್ಚಿ ಬಿಟ್ಟು ಎದ್ದರು. ಸಿದ್ದಲಿಂಗೇಶ್ ಮತ್ತೆ ಮೈಕು ಹಿಡಿದರು.

"ನನಗೇನೂ ಗೊತ್ತಿಲ್ರಿ. ತೂಗೋನು ಹಂಪೇಶ. ಅವನ್ನ ಕೇಳ್ರಿ."

ಹಂಪೇಶ ಪಂದ್ಯ ಮುಗಿದಾಗ ಬಿಚ್ಚಿಟ್ಟಿದ್ದ ಹೆಡ್‌ಗಾರ್ಡನ್ನು ಎತ್ತಿಕೊಂಡು ಮತ್ತೆ ತಲೆಗೆ ಹಾಕಿಕೊಂಡ.